ಟೈಲ್ಸ್ ಕೆಳಗಿನ ಖರ್ಚು

ನಾವು ಮೈಸೂರಿನಲ್ಲಿ ಕೊಂಡ ಹಳೆಯ ಮನೆಯ ಅಡುಗೆಮನೆ ಸಿಂಕು ಪದೇ ಪದೇ ಕಟ್ಟಿಕೊಳ್ಳುತ್ತಿತ್ತು. ಪ್ಲಂಬರ್ ಬಂದು ಸ್ಪ್ರಿಂಗ್ ಬಿಟ್ಟು ತಿರುವಿದರೆ ಸ್ವಲ್ಪ ಕಾಲ ಸರಾಗ, ಆಮೇಲೆ ಅದೇ ಪಾಡು. ಕೊನೆಗೆ ನೆಲ ಒಡೆಸಿದೆವು. ಹಿತ್ತಿಲ ಚೇಂಬರಿನವರೆಗೂ ಇದ್ದದ್ದು 50 ಎಂಎಂ ಪೈಪು. ಒಳಗೆಲ್ಲ ಎಣ್ಣೆಜಿಡ್ಡು, ಗಂಜಿ, ಸೋಪು ಸೇರಿ ಗಟ್ಟಿಯಾದ ಬಿಳಿ ಪದರ. ಆ ರಿಪೇರಿಯಲ್ಲಿ ಹೊಸ ಪೈಪಿಗೆ ಕೊಟ್ಟದ್ದು ತೀರಾ ಕಡಿಮೆ. ಒಡೆಯುವ ಕೂಲಿ, ಸಿಮೆಂಟು, ಹಳೆಯದಕ್ಕೆ ಹೊಂದುವ ಟೈಲ್ಸ್ ಸಿಗದೆ ಇಡೀ ಅಡುಗೆಮನೆಗೆ ಹೊಸದಾಗಿ ಹಾಕಿಸಿದ್ದು: ದುಡ್ಡು ಕರಗಿದ್ದು ಅಲ್ಲಿ.

ಪೈಪಿನ ಅಗಲ ಒಂದೂವರೆ ಪಟ್ಟಾದರೆ ನೀರು ಹರಿಯುವ ಜಾಗ ಎರಡೂಕಾಲು ಪಟ್ಟಾಗುತ್ತದೆ. ಸುತ್ತಲೂ 5 ಎಂಎಂ ಜಿಡ್ಡು ಹಿಡಿಯಿತೆನ್ನಿ. 50ರ ಪೈಪಿನಲ್ಲಿ ಉಳಿಯುವುದು 40, ಅಂದರೆ ಮೂರನೇ ಒಂದು ಭಾಗಕ್ಕೂ ಹೆಚ್ಚು ಜಾಗ ಹೋಯಿತು. 75ರ ಪೈಪಿನಲ್ಲಿ ಹೋಗುವುದು ಕಾಲು ಭಾಗ ಮಾತ್ರ. ಅದಕ್ಕೇ ನೆಲದಡಿ ಹೋಗುವ ಅಡುಗೆಮನೆ ಲೈನಿಗೆ 75 ಹಾಕಿಸಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಹಾಗೆಂದು ಎಲ್ಲ ಕಡೆ 110 ಹಾಕಿಸುವುದು ದಂಡ. ಆ ಗಾತ್ರ ಬೇಕಾದದ್ದು ಟಾಯ್ಲೆಟ್ಟಿಗೆ. ದೊಡ್ಡ ಪೈಪಿನಲ್ಲಿ ಸಿಂಕಿನ ಅಷ್ಟಿಷ್ಟು ನೀರು ತೆಳ್ಳಗೆ ಹರಡಿ, ಅನ್ನದ ಅಗುಳನ್ನೂ ಕಾಫಿ ಚರಟವನ್ನೂ ಅಲ್ಲೇ ಬಿಟ್ಟು ಮುಂದೆ ಹೋಗುತ್ತದೆ. ಗಾತ್ರದಷ್ಟೇ ಮುಖ್ಯ ವಾಟ. ಹತ್ತು ಅಡಿಗೆ ಮೂರು ಇಂಚು ಇಳಿದರೆ ನೀರು ಕಸವನ್ನು ಎಳೆದುಕೊಂಡು ಹೋಗುತ್ತದೆ. ಇದಕ್ಕೆ ಬೇಕಾದದ್ದು ಮೇಸ್ತ್ರಿಯ ಗಮನ, ಹೆಚ್ಚುವರಿ ಹಣವಲ್ಲ. ಇನ್ನೊಂದು, ನೀರು ಹೋಗುವ ದಿಕ್ಕಿನಲ್ಲಿ ಪೈಪು ಎಲ್ಲೂ ಸಣ್ಣದಾಗಕೂಡದು. ಒಳಗೆ 75 ಹಾಕಿ, ಗೋಡೆ ದಾಟಿದ ಮೇಲೆ ಉಳಿದಿದ್ದ 50ರ ತುಂಡನ್ನೇ ಜೋಡಿಸಿದ್ದನ್ನು ನೆಂಟರ ಮನೆಯಲ್ಲಿ ನೋಡಿ ಸಂಕಟವಾಯಿತು.

ತಿರುವಿನಲ್ಲಿ ಮುಚ್ಚಳ ಬಿಚ್ಚಿ ಶುಚಿ ಮಾಡಬಹುದಾದ ಡೋರ್ ಬೆಂಡ್ ಹಾಕಿಸಿ. ಇದಕ್ಕೆ ಕೊಡುವ ಸಣ್ಣ ಹಣ, ಮುಂದೆ ನೆಲ ಒಡೆಯುವ ಕೂಲಿಯನ್ನು ಉಳಿಸುತ್ತದೆ.

ಮನೆ ಕಟ್ಟಿಸುವವರು ಎಸ್ಟಿಮೇಟಿನಲ್ಲಿ ‘ಪ್ಲಂಬಿಂಗ್, ಒಟ್ಟು ಇಷ್ಟು’ ಎಂಬ ಒಂದೇ ಸಾಲನ್ನು ಒಪ್ಪಬೇಡಿ. ಸಿಂಕು, ಬಚ್ಚಲು, ಟಾಯ್ಲೆಟ್ ಒಂದೊಂದಕ್ಕೂ ಪೈಪಿನ ಗಾತ್ರ ಬರೆಸಿ. ಕಾಂಕ್ರೀಟು ಸುರಿಯುವ ಮೊದಲು ಆ ಹಾಳೆ ಹಿಡಿದು ಎದುರಿಗೇ ನಿಂತು ತಾಳೆ ನೋಡಿ, ಬಕೆಟ್ಟುಗಟ್ಟಲೆ ನೀರು ಸುರಿಸಿ, ಫೋಟೊ ತೆಗೆದಿಟ್ಟ ಮೇಲೆಯೇ ಆ ಕಂತಿನ ಹಣ ಕೊಡಿ.