ಹೊರಗೆ ಕ್ಯೂ, ಒಳಗೆ ಗಲ್ಲ ಖಾಲಿ

ಬೆಂಗಳೂರಿನ ಜಯನಗರ, ಬನಶಂಕರಿ ಕಡೆಯ ಸಣ್ಣ ಹೋಟೆಲು, ಅಂಗಡಿ, ಬ್ಯೂಟಿ ಪಾರ್ಲರುಗಳ ಲೆಕ್ಕ ಬರೆಯುವುದು ನನ್ನ ಹೊಟ್ಟೆಪಾಡು. ವ್ಯಾಟ್, ಸರ್ವಿಸ್ ಟ್ಯಾಕ್ಸುಗಳ ಕಾಲದಿಂದಲೂ ಇದೇ ಕೆಲಸ. 2011-12ರ ಸುಮಾರಿಗೆ ನನ್ನ ಮೇಜಿಗೆ ಬರುವ ಬಿಲ್ಲು, ಚಲನ್‌ಗಳ ನಡುವೆ ಹೊಸ ಬಗೆಯ ಒಪ್ಪಂದ ಪತ್ರಗಳು ಕಾಣತೊಡಗಿದವು. ದಿನಕ್ಕೊಂದು ಡೀಲ್ ಮಾರುವ ವೆಬ್‌ಸೈಟುಗಳ ಪತ್ರ ಅವು. ಅರ್ಧ ಬೆಲೆಗೆ ಬಫೆ, ಅದಕ್ಕಿಂತ ಕಡಿಮೆಗೆ ಫೇಶಿಯಲ್. ಗಿರಾಕಿಗಳು ಈ ವ್ಯಾಪಾರವನ್ನು ಇಮೇಲಿನಲ್ಲಿ ನೋಡಿದರು, ನಾನು ಲೆಡ್ಜರಿನಲ್ಲಿ ನೋಡಿದೆ. ಎರಡೂ ಒಂದೇ ಚಿತ್ರವಲ್ಲ.

ಮೂಲ ಶಿಕಾಗೋದ್ದು. 2008ರಲ್ಲಿ ಆಂಡ್ರ್ಯೂ ಮೇಸನ್ ಗ್ರೂಪಾನ್ ಶುರುಮಾಡಿದಾಗ ಮೊದಲು ಮಾರಿದ್ದು ತಮ್ಮ ಕಟ್ಟಡದಲ್ಲೇ ಇದ್ದ ಬಾರೊಂದರ ಪಿಜ್ಜಾ, ಒಂದರ ದುಡ್ಡಿಗೆ ಎರಡು. ಇಂತಿಷ್ಟು ಜನ ಕೊಂಡರೆ ಮಾತ್ರ ರಿಯಾಯಿತಿ, ಇಲ್ಲದಿದ್ದರೆ ಯಾರಿಗೂ ಇಲ್ಲ ಎಂಬ ಷರತ್ತು ಆಗಿನ ಡೀಲುಗಳಿಗಿತ್ತು. ಹಾಗಾಗಿ ಕೊಂಡವರೇ ಗೆಳೆಯರಿಗೆಲ್ಲ ಹೇಳಿ ಪುಕ್ಕಟೆ ಪ್ರಚಾರ ಮಾಡಿದರು. 2010ರ ಕೊನೆಗೆ ಗೂಗಲ್ ಸುಮಾರು 600 ಕೋಟಿ ಡಾಲರ್ ಕೊಡಲು ಮುಂದೆ ಬಂದರೂ ಮಾರಲಿಲ್ಲ. ನಮ್ಮಲ್ಲಿ ಸ್ನ್ಯಾಪ್‌ಡೀಲ್ 2010ರಲ್ಲಿ ಹುಟ್ಟಿದ್ದೂ ಇದೇ ಕೂಪನ್ ವ್ಯಾಪಾರಕ್ಕೆ. ಮರುವರ್ಷ ಗ್ರೂಪಾನ್, ಕೋಲ್ಕತ್ತಾದ ಸೋಸಸ್ತಾ ಕಂಪನಿಯನ್ನು ಕೊಂಡು ಭಾರತಕ್ಕೆ ಬಂತು.

ಸೈಟಿನ ಹುಡುಗರು ಅಂಗಡಿಗೆ ಬಂದು ಹೇಳುತ್ತಿದ್ದ ಮೊದಲ ಮಾತು, "ಸರ್, ನೀವು ಒಂದು ರೂಪಾಯಿಯೂ ಕೈಯಿಂದ ಹಾಕಬೇಕಾಗಿಲ್ಲ." ಅದು ಸುಳ್ಳಲ್ಲ. ಪೇಪರಿನಲ್ಲಿ ಜಾಹೀರಾತು ಕೊಟ್ಟರೆ ದುಡ್ಡು ಮೊದಲೇ ಕಟ್ಟಬೇಕು, ಗಿರಾಕಿ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಇಲ್ಲಿ ಗಿರಾಕಿ ಬಂದ ಮೇಲೆಯೇ ಖರ್ಚು. ಆ ಖರ್ಚು ಎಷ್ಟೆಂದು ಕೂಡಿ ಕಳೆಯಲು ಹೆಚ್ಚಿನ ಮಾಲೀಕರಿಗೆ ಪುರುಸೊತ್ತಿರಲಿಲ್ಲ.

ನನ್ನ ಹಳೆಯ ಕಕ್ಷಿದಾರರೊಬ್ಬರ ಹೋಟೆಲಿನ ಲೆಕ್ಕ ಹೇಳುತ್ತೇನೆ, ಸುಲಭವಾಗಲೆಂದು ಚಿಲ್ಲರೆ ಬಿಟ್ಟಿದ್ದೇನೆ. ಬಫೆ 400 ರೂಪಾಯಿ, ಕೂಪನ್ ಬೆಲೆ 200. ಅದರಲ್ಲಿ ಅರ್ಧ, ಅಂದರೆ 100 ರೂಪಾಯಿ ಸೈಟಿನ ಕಮಿಷನ್. ಕಮಿಷನ್ ಮೇಲೆ ಆಗಿನ ಸರ್ವಿಸ್ ಟ್ಯಾಕ್ಸ್ ಶೇಕಡಾ 12.36, ಅದೂ ಹೋಟೆಲಿನವರ ತಲೆಗೆ. ಕೈಗೆ ಉಳಿದದ್ದು 87 ರೂಪಾಯಿ ಚಿಲ್ಲರೆ. ತರಕಾರಿ, ಪನೀರು, ಎಣ್ಣೆ, ಗ್ಯಾಸು ಸೇರಿ ಒಂದು ಊಟಕ್ಕೆ ಬೀಳುತ್ತಿದ್ದ ಖರ್ಚು 140ರ ಆಸುಪಾಸು. ಎಷ್ಟು ತಟ್ಟೆ ಬಡಿಸಿದರೆ ಅಷ್ಟು ಐವತ್ತು ರೂಪಾಯಿ ಕೈಬಿಟ್ಟಂತೆ! ಕೂಪನ್ ತಂದವರು ಜ್ಯೂಸು, ಐಸ್‌ಕ್ರೀಮು ಅಂತ ಮೇಲೆ ಏನಾದರೂ ಆರ್ಡರ್ ಮಾಡುತ್ತಾರೆ ಎಂಬುದು ಸೈಟಿನವರು ತೋರಿಸಿದ ಆಸೆ. ಅವರು ಬಾಟಲಿ ನೀರನ್ನೂ ಕೊಳ್ಳಲಿಲ್ಲ.

ಕೌಂಟರಿನಲ್ಲಿದ್ದ ಹುಡುಗನ ಪಾಡು ಇನ್ನೊಂದು ಬಗೆಯದು. ಕೂಪನ್ನಿನಲ್ಲಿ ಬಾರ್‌ಕೋಡ್ ಇತ್ತು, ಹೋಟೆಲಿನಲ್ಲಿ ಸ್ಕ್ಯಾನರ್ ಇರಲಿಲ್ಲ. ಅಂಕಿ, ಅಕ್ಷರ ಬೆರೆತ ಉದ್ದನೆಯ ಕೋಡನ್ನು ಅವನು ರಟ್ಟಿನ ಪುಸ್ತಕದಲ್ಲಿ ಕೈಯಲ್ಲೇ ಬರೆದುಕೊಳ್ಳಬೇಕು. ಸೊನ್ನೆಯೋ, ಓ ಅಕ್ಷರವೋ? ಒಂದೇ ಕೂಪನ್ನಿನ ಜೆರಾಕ್ಸ್ ಹಿಡಿದು ಎರಡು ಸಂಸಾರ ಬಂದದ್ದೂ ಉಂಟು. ತಿಂಗಳ ಕೊನೆಗೆ ಅವನ ಪುಸ್ತಕವನ್ನು ಸೈಟಿನವರ ಎಕ್ಸೆಲ್ ಹಾಳೆಗೆ ತಾಳೆ ಹಾಕುವ ಕೆಲಸ ನನ್ನದು. ತಾಳೆಯಾಗದ ಕೋಡಿನ ದುಡ್ಡು ಬರುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಪೂರ್ತಿ ದುಡ್ಡು ಕೊಟ್ಟು ಉಣ್ಣುತ್ತಿದ್ದ ಹಳೆಯ ಗಿರಾಕಿಗಳು ಬಾಗಿಲ ತನಕ ಬಂದು, ಗದ್ದಲ ನೋಡಿ ವಾಪಸಾದರು. ಆ ನಷ್ಟ ಬರೆಯಲು ನನ್ನ ಪುಸ್ತಕದಲ್ಲಿ ಕಾಲಮ್ಮೇ ಇಲ್ಲ. "ಹೊರಗೆ ಕ್ಯೂ, ಒಳಗೆ ಗಲ್ಲ ಖಾಲಿ. ಇದೆಂಥ ವ್ಯಾಪಾರ ಮಾರಾಯ್ರೆ!" ಎಂದು ಕುಂದಾಪುರದ ಆ ಮಾಲೀಕರು ನನ್ನೆದುರು ಕೂತು ತಲೆ ಚಚ್ಚಿಕೊಂಡರು.

ಅದೇ ವರ್ಷ ಪಾರ್ಲರ್ ನಡೆಸುವ ಇನ್ನೊಬ್ಬರ ಲೆಕ್ಕ ತದ್ವಿರುದ್ಧವಾಗಿತ್ತು. ಆಕೆ ಜಾಣೆ. ಕಮಿಷನ್ನನ್ನು ಚೌಕಾಸಿ ಮಾಡಿ ಶೇಕಡಾ 40ಕ್ಕೆ ಇಳಿಸಿದರು. ಸೋಮವಾರದಿಂದ ಗುರುವಾರ ಮಾತ್ರ, ಹನ್ನೊಂದರಿಂದ ನಾಲ್ಕರೊಳಗೆ, ಫೋನ್ ಮಾಡಿಯೇ ಬರಬೇಕು, ಇಷ್ಟಕ್ಕಿಂತ ಹೆಚ್ಚು ಕೂಪನ್ ಮಾರಕೂಡದು ಎಂದು ಬರೆಸಿಕೊಂಡರು. 1,200ರ ಫೇಶಿಯಲ್ಲಿಗೆ ಕೂಪನ್ 500 ರೂಪಾಯಿ. ಕಮಿಷನ್ನು, ತೆರಿಗೆ ಕಳೆದು ಬಂದದ್ದು ಸುಮಾರು 275. ಕ್ರೀಮು, ಹತ್ತಿ, ಟವೆಲ್ಲು ಒಗೆಯುವ ಖರ್ಚೆಲ್ಲ ಸೇರಿ 110. ಆ ಹೊತ್ತಿನಲ್ಲಿ ಕುರ್ಚಿಗಳು ಹೇಗೂ ಖಾಲಿ. ಕೆಲಸದ ಹುಡುಗಿಯರಿಗೆ ಸುಮ್ಮನೆ ಕೂತರೂ ಸಂಬಳ, ಕಟ್ಟಡಕ್ಕೆ ಬಾಡಿಗೆ ಇದ್ದೇ ಇದೆ. ಹಾಗಾಗಿ ಉಳಿದ 165 ರೂಪಾಯಿ ನಿಜಕ್ಕೂ ಮೇಲಿನ ಸಂಪಾದನೆ.

ಇಬ್ಬರ ಪುಸ್ತಕಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ಡೀಲ್ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದನ್ನು ನಾನು ಬಿಟ್ಟೆ. ಗಿರಾಕಿ ಬರುವ ಹೊತ್ತಿನಲ್ಲಿ ಜಾಗ ಖಾಲಿ ಇದೆಯೇ, ಅವನೊಬ್ಬ ಹೆಚ್ಚಿಗೆ ಬಂದರೆ ಕೈಯಿಂದ ಬೀಳುವುದೆಷ್ಟು ಎಂದಷ್ಟೇ ಈಗ ಕೇಳುತ್ತೇನೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಉತ್ಪಲ್ ಧೋಲಾಕಿಯಾ 2010ರಲ್ಲಿ ಗ್ರೂಪಾನ್ ಡೀಲ್ ನಡೆಸಿದ 150 ವ್ಯಾಪಾರಿಗಳನ್ನು ವಿಚಾರಿಸಿದಾಗಲೂ ಕಂಡದ್ದು ಇದೇ. ಶೇಕಡಾ 66ರಷ್ಟು ಮಂದಿಗೆ ಲಾಭ, 32ರಷ್ಟು ಮಂದಿಗೆ ಇಲ್ಲ. ಸೇವಾ ವ್ಯಾಪಾರಗಳಲ್ಲಿ ಚೆನ್ನಾಗಿ ಗಿಟ್ಟಿದ್ದು ಸ್ಪಾ, ಸಲೂನುಗಳಿಗೆ, ಪೆಟ್ಟು ಬಿದ್ದದ್ದು ಹೋಟೆಲುಗಳಿಗೆ. ಮರುವರ್ಷ ಇಂಗ್ಲೆಂಡಿನ ರೆಡಿಂಗ್ ಹತ್ತಿರದ ಒಂದು ಚಿಕ್ಕ ಬೇಕರಿ ಶೇಕಡಾ 75 ರಿಯಾಯಿತಿ ಕೊಟ್ಟು, 8,500 ಜನ ಮುಗಿಬಿದ್ದು, 1,02,000 ಕಪ್‌ಕೇಕ್ ಮಾಡಿಕೊಡಬೇಕಾಗಿ ಬಂತು. ಆ ಒಪ್ಪಂದದಲ್ಲಿ ಮಿತಿ ಹಾಕಿಸಿರಲಿಲ್ಲ, ಅಷ್ಟೇ.

ಇನ್ನು ಸೈಟಿನವರ ಸಂಪಾದನೆ. ಕಮಿಷನ್ನು ಎಲ್ಲರಿಗೂ ಕಾಣುತ್ತದೆ. ಕಾಣದ ಎರಡು ಬಾಬತ್ತುಗಳನ್ನು ನಾನು ಒಪ್ಪಂದದ ಕೊನೆಯ ಪುಟದ ಸಣ್ಣಕ್ಷರದಲ್ಲಿ ಹುಡುಕಿ ಓದಿದೆ. ಗಿರಾಕಿ ಕೂಪನ್ ಕೊಂಡ ದಿನವೇ ಪೂರ್ತಿ ದುಡ್ಡು ಸೈಟಿನ ಖಾತೆಗೆ ಬೀಳುತ್ತದೆ. ಅಂಗಡಿಯವರಿಗೆ ಅದು ಹೋಗುವುದು ಕಂತಿನಲ್ಲಿ, ವಾರಗಟ್ಟಲೆ ತಡವಾಗಿ. ಅಮೆರಿಕದಲ್ಲಿ ಗ್ರೂಪಾನ್ ಎರಡು ತಿಂಗಳವರೆಗೆ ಕಂತು ಎಳೆಯುತ್ತಿತ್ತು. ಊರಿನ ಚೀಟಿಯಲ್ಲಿ ಮೊದಲ ಕಂತು ಎತ್ತುವವನ ಹಾಗೆ, ಊರವರ ದುಡ್ಡಿನಲ್ಲಿ ತನ್ನ ಸಂಬಳ, ಬಾಡಿಗೆ, ಜಾಹೀರಾತು ನಡೆಸುವ ಅನುಕೂಲ. ವ್ಯಾಪಾರ ಏರುತ್ತಿರುವಷ್ಟು ದಿನ ಇದು ಸೊಗಸು. ಇಳಿದ ದಿನ ಹಳೆಯ ಬಾಕಿ ತೀರಿಸಲು ಹೊಸ ದುಡ್ಡು ಸಾಲದು.

ಎರಡನೆಯದು ಬಳಸದೇ ಉಳಿದ ಕೂಪನ್. ಅರ್ಧ ಬೆಲೆಯ ಮೋಹಕ್ಕೆ ಕೊಂಡು, ಪರ್ಸಿನಲ್ಲಿ ಮಡಚಿಟ್ಟು, ಅವಧಿ ಮುಗಿದ ಮೇಲೆ ನೆನಪಿಸಿಕೊಳ್ಳುವವರು ನಮ್ಮ ನಿಮ್ಮ ಮನೆಯಲ್ಲೇ ಇದ್ದಾರೆ. ಬಳಸಿದ ಕೂಪನ್ನಿಗೆ ಮಾತ್ರ ಅಂಗಡಿಗೆ ದುಡ್ಡು ಎಂದು ಒಪ್ಪಂದವಿದ್ದರೆ, ಬಳಸದ್ದರ ಪೂರ್ತಿ ದುಡ್ಡು ಸೈಟಿಗೆ ದಕ್ಕುತ್ತದೆ. ಸೇವೆಯೂ ಇಲ್ಲ, ಪಾಲೂ ಇಲ್ಲ. ಇದಕ್ಕಿಂತ ಚೊಕ್ಕ ಲಾಭ ಯಾವ ವ್ಯಾಪಾರದಲ್ಲಿದೆ?

ಮಾರಿದ ಕೂಪನ್ನಿನ ಮೊತ್ತವನ್ನೆಲ್ಲ ತನ್ನ ಆದಾಯವೆಂದು ತೋರಿಸುವ ಚಾಳಿಯೂ ಇತ್ತು. 2011ರಲ್ಲಿ ಷೇರು ಮಾರುಕಟ್ಟೆಗೆ ಹೋಗುವ ಮುನ್ನ ಗ್ರೂಪಾನ್ ತನ್ನ ಲೆಕ್ಕ ತಿದ್ದಬೇಕಾಯಿತು. ಅಂಗಡಿಯವರ ಪಾಲು ಕಳೆದಾಗ 2010ರ ಆದಾಯ 71 ಕೋಟಿ ಡಾಲರಿನಿಂದ 31 ಕೋಟಿಗೆ ಇಳಿಯಿತು. ಲೆಕ್ಕ ಬರೆಯುವ ಎಲ್ಲರೂ ಒಮ್ಮೆ ಓದಬೇಕಾದ ಪ್ರಸಂಗ ಅದು.

ಆಮೇಲೆ ಗಾಳಿ ಇಳಿಯಿತು. ಸ್ನ್ಯಾಪ್‌ಡೀಲ್ 2011ರಲ್ಲೇ ಕೂಪನ್ ಬಿಟ್ಟು ಸಾಮಾನು ಮಾರಾಟಕ್ಕೆ ಹೊರಳಿತ್ತು. 2013ರಲ್ಲಿ ಈರುಳ್ಳಿ ಬೆಲೆ ಗಗನಕ್ಕೇರಿದಾಗ ಗ್ರೂಪಾನ್ ಇಂಡಿಯಾ ಕೆಜಿಗೆ 9 ರೂಪಾಯಿಯಂತೆ ಮಾರಿ ಸೈಟೇ ಕುಸಿದುಬಿತ್ತು. ಅದು ಜಾಹೀರಾತಿನ ಖರ್ಚು, ವ್ಯಾಪಾರವಲ್ಲ. ಅದೇ ಕಂಪನಿ 2015ರಲ್ಲಿ ನಿಯರ್‌ಬೈ ಆಯಿತು. ಆದರೆ ಲೆಕ್ಕದ ರೀತಿ ಸತ್ತಿಲ್ಲ, ಆ್ಯಪುಗಳಿಗೆ ದಾಟಿದೆ. 2019ರ ಆಗಸ್ಟಿನಲ್ಲಿ ದೇಶದ ಎಷ್ಟೋ ರೆಸ್ಟೋರೆಂಟುಗಳು ಊಟದ ಆ್ಯಪುಗಳ ರಿಯಾಯಿತಿ ಯೋಜನೆಗಳಿಂದ ಲಾಗ್‌ಔಟ್ ಆಗುವ ಚಳವಳಿ ಹೂಡಿದ್ದು ಈ ಹಳೆಯ ನೋವಿಗೇ.

ಅಂಗಡಿ ಇಟ್ಟುಕೊಂಡವರಲ್ಲಿ ನನ್ನ ವಿನಂತಿ ಇಷ್ಟೆ. ಹುಡುಗ ಟ್ಯಾಬ್ ಹಿಡಿದು ಬಂದಾಗ ಕಾಫಿ ಕೊಟ್ಟು ಕೂರಿಸಿ, ಸಹಿ ಮಾತ್ರ ಅಂದೇ ಹಾಕಬೇಡಿ. ಕೂಪನ್ನಿನ ಗರಿಷ್ಠ ಸಂಖ್ಯೆ, ವಾರದ ದಿನಗಳು, ದುಡ್ಡು ಕೈಗೆ ಬರುವ ತಾರೀಕು, ಬಳಸದ ಕೂಪನ್ನಿನ ದುಡ್ಡು ಯಾರದ್ದು ಎಂಬುದನ್ನು ಬರಹದಲ್ಲಿ ಪಡೆಯಿರಿ. ಕಾಗದವನ್ನು ಒಂದು ರಾತ್ರಿ ಮನೆಗೆ ಒಯ್ದು, ನಿಮ್ಮ ಲೆಕ್ಕದವರ ಜೊತೆ ಕೂತು ಓದಿ. ಅದಕ್ಕೆ ನಾವೇನೂ ಹೆಚ್ಚಿಗೆ ಫೀಸು ಕೇಳುವುದಿಲ್ಲ.