ಮಾತ್ರೆ ತಪ್ಪಿಸಿ ದುಡಿಯಬೇಡಿ

ಮೂರ್ಛೆರೋಗ ಇರುವವರಿಗೂ ಅವರ ಮನೆಯವರಿಗೂ ಒಂದು ಮಾತು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್ ಜೆರಿ ಕಿಲ್ 2015ರ ಅಕ್ಟೋಬರ್ 28ರಂದು, ಸೀಸನ್ ಇನ್ನೂ ನಡೆಯುತ್ತಿರುವಾಗಲೇ, ಕಣ್ಣೀರಿಡುತ್ತ ಕೆಲಸ ಬಿಟ್ಟರು. ಮೂತ್ರಪಿಂಡದ ಕ್ಯಾನ್ಸರನ್ನು ಗೆದ್ದು ಬಂದವರು ಅವರು. 2011ರಲ್ಲಿ ಪಂದ್ಯದ ನಡುವೆ ಮೈದಾನದ ಅಂಚಿನಲ್ಲೇ ಫಿಟ್ಸ್ ಬಂದು ಕುಸಿದಿದ್ದರು. 2013ರಲ್ಲಿ ರಜೆ ಹಾಕಿ, ಚಿಕಿತ್ಸೆ ಪಡೆದು ಮರಳಿದ್ದರು. ಕೊನೆಗೆ ನಿದ್ದೆ ಕೆಟ್ಟಿತು, ಕೆಲಸ ಕೆಡಬಾರದೆಂದು ಔಷಧಿಯನ್ನೂ ಸರಿಯಾಗಿ ತೆಗೆದುಕೊಳ್ಳಲಿಲ್ಲ. ಫಿಟ್ಸ್ ಮರುಕಳಿಸಿತು.

ನನ್ನ ಮನಸ್ಸು ಕಲಕುವುದು ಆ ಔಷಧಿಯ ವಿಷಯ. ಮಂಪರು ಬರುತ್ತದೆ, ತಲೆ ಓಡುವುದಿಲ್ಲ ಎಂದು ನಮ್ಮಲ್ಲೂ ಎಷ್ಟೋ ಮಂದಿ ಮಾತ್ರೆ ತಪ್ಪಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಫಿಟ್ಸ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಹಿಂದಿಗಿಂತ ಜೋರಾಗಿ, ಒಂದರ ಹಿಂದೊಂದು ಬರಬಹುದು, ಪ್ರಾಣಕ್ಕೂ ಅಪಾಯ. ನಿದ್ದೆಗೇಡು ಆ ಬೆಂಕಿಗೆ ತುಪ್ಪ ಸುರಿಯುತ್ತದೆ. ಮಂಪರಿದ್ದರೆ ವೈದ್ಯರಿಗೆ ಬಿಡಿಸಿ ಹೇಳಿ. ಪ್ರಮಾಣ ತಗ್ಗಿಸಲು, ಬೇರೆ ಮಾತ್ರೆಗೆ ಬದಲಿಸಲು ದಾರಿಗಳಿವೆ. ಕಚೇರಿಯಲ್ಲಿ ನಂಬಿಕಸ್ಥರೊಬ್ಬರಿಗಾದರೂ ವಿಷಯ ತಿಳಿದಿರಲಿ. ಫಿಟ್ಸ್ ಬಂದು ಬಿದ್ದಾಗ ಪಕ್ಕಕ್ಕೆ ಹೊರಳಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಸಾಗಿಸಬೇಕು ಎಂಬುದು ಅವರಿಗೆ ಗೊತ್ತಿರಬೇಕು.

ಕೆಲಸ ಬಿಟ್ಟರೆ ಬದುಕೇ ಮುಗಿಯಿತು ಎಂದುಕೊಳ್ಳಬೇಡಿ. ಕಿಲ್ 2022ರಲ್ಲಿ ನ್ಯೂ ಮೆಕ್ಸಿಕೊ ಸ್ಟೇಟ್ ತಂಡಕ್ಕೆ ಮತ್ತೆ ಮುಖ್ಯ ಕೋಚ್ ಆಗಿ ಮೈದಾನಕ್ಕಿಳಿದರು.