ಗೋಕರ್ಣ ಬೀಚ್ ಟ್ರೆಕ್: ದಾರಿ ಎಷ್ಟು ಗಂಟೆಗೆ ತೆರೆಯುತ್ತೆ?

ಗೋಕರ್ಣದ ಬೀಚ್ ಟ್ರೆಕ್ ನಮ್ಮಂಥ ಕಾಲೇಜಿನವರಿಗೆ ಹೊಸದೇನಲ್ಲ. ಶುಕ್ರವಾರ ರಾತ್ರಿ ಬಸ್ ಹತ್ತೋದು, ಶನಿವಾರ ಬೆಳಗ್ಗೆ ಕುಡ್ಲೆಯಿಂದ ನಡಿಗೆ ಶುರು ಮಾಡೋದು. ಓಂ, ಹಾಫ್ ಮೂನ್, ಪ್ಯಾರಡೈಸ್, ಬೇಲೆಕಾನ ದಾಟಿ ತದಡಿ. ಹೊರಡೋ ಮುಂಚೆ ಎಲ್ಲರೂ ಕೇಳೋದು ಎಷ್ಟು ಕಿಲೋಮೀಟರ್ ಅಂತ. ಇವತ್ತು ನೀರು ಎಷ್ಟು ಗಂಟೆಗೆ ಇಳಿಯುತ್ತೆ ಅಂತ ಕೇಳೋರು ಕಡಿಮೆ. ಆದರೆ ಈ ದಾರಿಯ ಕೆಲವು ತುಂಡುಗಳು ದಿನಕ್ಕೆ ಎರಡು ಸಲ ನೀರಿಂದ ಮೇಲೆ ಬರುತ್ತವೆ, ಎರಡು ಸಲ ಮುಳುಗುತ್ತವೆ.

ಮೊದಲು ಜಾಗದ ಆಕಾರ ನೋಡೋಣ. ಇಲ್ಲಿ ಒಂದೇ ಉದ್ದದ ಮರಳುದಂಡೆ ಇಲ್ಲ. ಒಂದೊಂದು ಬೀಚಿನ ನಡುವೆಯೂ ಗುಡ್ಡದ ಮೂಗು ಸಮುದ್ರದೊಳಕ್ಕೆ ಚಾಚಿದೆ. ಅದನ್ನು ದಾಟೋಕೆ ಎರಡು ದಾರಿ. ಮೇಲಿನದು ಕುರುಚಲು ಕಾಡಿನ ಕಾಲುದಾರಿ: ಜಂಬಿಟ್ಟಿಗೆ ಕಲ್ಲು, ಗೇರು, ಕೌಳಿ, ಮುಳ್ಳುಪೊದೆ, ನೆರಳು ಕಡಿಮೆ. ಕೆಳಗಿನದು ಬಂಡೆಗಳ ಬುಡದಲ್ಲಿ, ಅಲೆಯ ಪಕ್ಕದಲ್ಲೇ. ಕೆಳಗಿನದು ಹತ್ತಿರ ಅನ್ನಿಸುತ್ತೆ, ಫೋಟೋಗೂ ಚೆಂದ. ತೊಂದರೆ ಆಗೋದೂ ಅಲ್ಲೇ.

ಈಗ ಲೆಕ್ಕ. ನಮ್ಮ ಪಶ್ಚಿಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸರಾಸರಿ 12 ಗಂಟೆ 25 ನಿಮಿಷ. ಅಂದರೆ ಏರೋಕೆ ಸುಮಾರು 6 ಗಂಟೆ, ಇಳಿಯೋಕೆ ಸುಮಾರು 6 ಗಂಟೆ. ಲೆಕ್ಕಕ್ಕೆ ಏರಿಳಿತ 2 ಮೀಟರ್ ಅಂತ ಇಟ್ಕೊಳ್ಳೋಣ. ಗಂಟೆಗೆ ಮೂರನೇ ಒಂದು ಮೀಟರ್ ಏರುತ್ತೆ ಅಂದ್ಕೊಂಡ್ರೆ ತಪ್ಪು. ಇದು ಸೈನ್ ಕರ್ವ್. ತುದಿಯಲ್ಲಿ ಸ್ಲೋಪ್ ಸೊನ್ನೆ, ನಡುವಲ್ಲಿ ಅತಿ ಹೆಚ್ಚು. ನಾವಿಕರು ಇದನ್ನೇ ಹನ್ನೆರಡು ಪಾಲಾಗಿ ನೆನಪಿಡ್ತಾರೆ: ಗಂಟೆಗಂಟೆಗೆ 1, 2, 3, 3, 2, 1 ಪಾಲು. ಮೊದಲ ಗಂಟೆಯಲ್ಲಿ ನೀರು ಏರೋದು ಬರೀ 17 ಸೆಂಟಿಮೀಟರ್. "ಏನೂ ಏರ್ತಿಲ್ಲ ಬಿಡೋ" ಅಂತ ಬಂಡೆ ಮೇಲೆ ಕೂತು ಚಿಪ್ಸ್ ತಿಂತೀವಿ. ಮೂರನೇ ಮತ್ತು ನಾಲ್ಕನೇ ಗಂಟೆ ಸೇರಿ 1 ಮೀಟರ್ ಏರುತ್ತೆ. 20 ಮೀಟರಿಗೆ 1 ಮೀಟರ್ ಇಳಿಜಾರಿರೋ ಮರಳಲ್ಲಿ ಇದು 20 ಮೀಟರ್ ಅಗಲದ ದಂಡೆಯನ್ನೇ ನುಂಗುತ್ತೆ. ಬಂಡೆ ಬುಡದಲ್ಲಾದರೆ ಪಾದ ಮುಳುಗಿದ್ದ ಜಾಗದಲ್ಲಿ ಸೊಂಟದ ಮೇಲಿನವರೆಗೆ ನೀರು.

ಅದಕ್ಕೇ ಕೆಳದಾರಿ ಹಿಡಿಯೋದಾದರೆ ಪೂರ್ತಿ ಇಳಿದ ಹೊತ್ತಿಗೆ ಹೊರಡಬೇಡಿ. ಎರಡು ಗಂಟೆ ಮುಂಚೆಯೇ, ನೀರು ಇನ್ನೂ ಇಳೀತಿರೋವಾಗ ಹೊರಡಿ. ಆಗ ಯಾರದೋ ಚಪ್ಪಲಿ ಕಿತ್ತು ತಡವಾದರೂ ಹಿಂದೆ ಬರೋ ದಾರಿ ತೆರೆದೇ ಇರುತ್ತೆ.

ಇನ್ನೊಂದು, ನಮ್ಮ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತೆ. (50 ನಿಮಿಷ ಅಂದರೆ ಹೆಚ್ಚುಕಡಿಮೆ ಎರಡು ಘಳಿಗೆ. ಅಜ್ಜಿಯರ ಲೆಕ್ಕಕ್ಕೆ ಇದೇ ಸುಲಭ!) ಏಳು ದಿನಕ್ಕೆ 5 ಗಂಟೆ 50 ನಿಮಿಷ. ಹೋದ ಶನಿವಾರ 10 ಗಂಟೆಗೆ ನೀರು ಪೂರ್ತಿ ಇಳಿದಿದ್ದರೆ, ಈ ಶನಿವಾರ 10 ಗಂಟೆಗೆ ಹತ್ತಿರಹತ್ತಿರ ಪೂರ್ತಿ ಉಬ್ಬರ! "ಸೀನಿಯರ್ಸ್ ಹೋದ ವಾರ ಇದೇ ಟೈಮಿಗೆ ಆರಾಮಾಗಿ ಹೋಗಿದ್ರು" ಅನ್ನೋ ಮಾತು ಇಲ್ಲಿ ಸಹಾಯಕ್ಕಿಂತ ಅಪಾಯ. ಎರಡು ವಾರ ಹಳೆಯ ಮಾತಾದರೆ ಸ್ವಲ್ಪ ಪರವಾಗಿಲ್ಲ. ಆದರೂ ದಿನದ ಎರಡು ಇಳಿತ ಸಮವಾಗಿರಲ್ಲ, ಹಾಗಾಗಿ ಕಾರವಾರ ಬಂದರಿನ ಟೈಡ್ ಟೇಬಲ್‌ನಲ್ಲಿ ಅದೇ ದಿನದ ಅಂಕಿ ನೋಡಲೇಬೇಕು. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಏರಿಳಿತ ದೊಡ್ಡದು, ಅಷ್ಟಮಿ ಹೊತ್ತಿಗೆ ಚಿಕ್ಕದು.

ಟೇಬಲ್ ಹೇಳೋದು ನೀರಿನ ಮಟ್ಟ ಮಾತ್ರ, ಅಲೆ ಎಷ್ಟು ಎತ್ತರ ಅಂತ ಅದರಲ್ಲಿ ಇರಲ್ಲ. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಅಲೆ, ಇಲ್ಲಿ ಗಾಳಿಯೇ ಇಲ್ಲದ ದಿನವೂ ಬಂದು ಬಡಿಯಬಹುದು. ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಇಂಥ ಅಲೆಗಳ ಮುನ್ಸೂಚನೆ ಕೊಡುತ್ತೆ, ಹೊರಡೋ ಹಿಂದಿನ ರಾತ್ರಿ ನೋಡಿ. ಬಂಡೆಯನ್ನೂ ಓದಬಹುದು: ಸಣ್ಣ ಚೂಪು ಚಿಪ್ಪುಗಳು ಅಂಟಿಕೊಂಡಿರೋ ಜಾಗಕ್ಕೆ ನೀರು ದಿನಾ ಬರುತ್ತೆ, ಹಸಿರು ಪಾಚಿ ಇದ್ದರೆ ಕಾಲಿಡಲೇಬೇಡಿ. ಮಳೆಗಾಲದಲ್ಲಂತೂ ಕೆಳದಾರಿಯ ಯೋಚನೆಯೇ ಬೇಡ. ಮೇಲಿನ ದಾರಿಗೆ ಬೇಕಾಗೋದು ನೀರು, ತಲೆಗೆ 3 ಲೀಟರ್, ಮತ್ತು ಟೋಪಿ. ದನಗಳು ಮಾಡಿದ ಕವಲುದಾರಿ ಕೆಲವು ಸೀದಾ ಗುಡ್ಡದ ಅಂಚಿಗೆ ಹೋಗಿ ಮುಗಿಯುತ್ತವೆ, ಗಮನ ಇರಲಿ.

ತದಡಿ ತಲುಪಿದಾಗ ಅಘನಾಶಿನಿ ಅಳಿವೆ ಎದುರಾಗುತ್ತೆ. 2024ರಲ್ಲಿ ಇದು ರಾಮ್ಸಾರ್ ಪಟ್ಟಿಗೆ ಸೇರಿತು. ನಾವು ಟೇಬಲ್‌ನಲ್ಲಿ ಹುಡುಕೋದನ್ನು ಇಲ್ಲಿನವರು ಬದುಕಾಗಿ ಮಾಡಿಕೊಂಡಿದ್ದಾರೆ. ಇಳಿತದ ಹೊತ್ತಿಗೆ ಜನ ನೀರಿಗಿಳಿದು ಬಳಚು ಹೆಕ್ಕುತ್ತಾರೆ. ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆಯೋ ಕಗ್ಗ ಭತ್ತ ಬೆಳೀತಾರೆ. ದಾರಿ ಬಗ್ಗೆ ಅನುಮಾನ ಬಂದರೆ ಆ್ಯಪ್‌ಗಿಂತ ಮೊದಲು ಇವರನ್ನು ಕೇಳಿ: "ಅಣ್ಣಾ, ನೀರು ಏರ್ತಾ ಇದ್ಯಾ, ಇಳೀತಾ ಇದ್ಯಾ?" ಹಾಗೇ ಆಚೆ ದಡದ ಅಘನಾಶಿನಿ ಊರಿಗೆ ಕೊನೆಯ ದೋಣಿ ಎಷ್ಟು ಗಂಟೆಗೆ ಅಂತಲೂ ಮೊದಲೇ ವಿಚಾರಿಸಿಕೊಳ್ಳಿ. ತಪ್ಪಿದರೆ, ಊರು ಕಣ್ಣೆದುರೇ ಇದ್ದರೂ ಮಿರ್ಜಾನ್ ಸೇತುವೆ ಮೇಲೆ ರಸ್ತೆ ಸುತ್ತಿ ಹೋಗಬೇಕು.